ಮಾಸ್ಟರ್ ಬಾಯಲ್ಲಿ ಉಳಿದ ಐದು ಮಾತು

"ಭಾನುವಾರ ಬೆಳಗ್ಗೆ ಹತ್ತಕ್ಕೆ ಗಾಡಿ ಬರುತ್ತೆ, ಕಾಜಕ್ಕ. ಅಪ್ಪನ್ನ ಆರೈಕೆ ಮನೆಗೆ ಸೇರಿಸ್ತಾ ಇದೀನಿ. ಅಂಗಡೀನೂ ಮುಚ್ಚಿಬಿಡೋಣ" ಎಂದು ಮಾಸ್ಟರ್ ಮಗಳು ಮೆಟ್ಟಿಲ ಮೇಲಿಂದಲೇ ಹೇಳಿದಾಗ ಕಾಜಕ್ಕ ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಬಾಯಿ ಖಾಲಿ ಇದ್ದಿದ್ದರೆ ಆಗಲೇ ಒಂದು ಕೈ ನೋಡಿಕೊಂಡುಬಿಡುತ್ತಿದ್ದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚುವಷ್ಟರಲ್ಲಿ ಮಗಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಾಗಿತ್ತು.

ಅವತ್ತು ಬುಧವಾರ.

ಅದು ಕೋಟು ಹೊಲಿಯುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮಾಸ್ಟರ್ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಶರಟು ಪ್ಯಾಂಟು ಕೇಳಿಕೊಂಡು ಬಂದವರನ್ನು ಮಾಸ್ಟರ್ ಎದುರಿನ ಅಂಗಡಿಗೆ ಕಳಿಸುತ್ತಿದ್ದರು, ಮರ್ಯಾದೆಯಿಂದಲೇ. ಕಾಜಕ್ಕ ಅಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಮೊದಲ ಮೂರು ವರ್ಷ ಗುಂಡಿಗೆ ಕಾಜಾ ಮಾಡುವುದು ಬಿಟ್ಟು ಬೇರೆ ಕೆಲಸವನ್ನೇ ಕೊಡಲಿಲ್ಲವಾದ್ದರಿಂದ ಆ ಹೆಸರು ಅಂಟಿಕೊಂಡಿತು. ಆಮೇಲೆ ಕಾಲರು ಬಂತು, ತೋಳು ಬಂತು, ಕೊನೆಗೆ ಕತ್ತರಿಯೂ ಕೈಗೆ ಬಂತು. ಹೆಸರು ಮಾತ್ರ ಹೋಗಲಿಲ್ಲ. ಅವಳ ಅಕ್ಕನ ಮೊಮ್ಮಕ್ಕಳು ಕೂಡ ಅವಳನ್ನು ಕಾಜಜ್ಜಿ ಎಂದೇ ಕರೆಯುವುದು.

ಆ ಅಂಗಡಿಯಲ್ಲಿ ಐದು ಮಾತುಗಳಿದ್ದವು. ಅವೇನೂ ನಮ್ಮ ಮಾತುಗಳಲ್ಲ, ಇಂಗ್ಲಿಷಿನವು. ಇಂಗ್ಲಿಷಿನವರೂ ಈಗ ಆಡುವುದನ್ನು ಬಿಟ್ಟಿದ್ದಾರಂತೆ. ಮಾಸ್ಟರಿಗೆ ಅವು ಬಂದದ್ದು ಅವರ ಗುರುಗಳಿಂದ; ಗುರುಗಳಿಗೆ ಬಂದದ್ದು ಯಾವುದೋ ಕಾಲದಲ್ಲಿ ಊರೂರು ತಿರುಗುತ್ತಿದ್ದ ಇಂಗ್ಲಿಷ್ ನಾಟಕದ ಕಂಪನಿಯಿಂದ. ಗುರುಗಳು ಆ ಕಂಪನಿಗೆ ವೇಷ ಹೊಲಿಯುತ್ತಿದ್ದರು. ಅದರಲ್ಲೊಬ್ಬ ದಪ್ಪ ಮುದುಕ ದಿನಾ ಸಂಜೆ ಸಿಡುಕು ಮಾವನ ಪಾತ್ರ ಮಾಡಿ, ಯಾರು ಏನು ಹೇಳಿದರೂ ನಂಬದೆ ಒಂದೊಂದು ಮಾತು ಒಗೆಯುತ್ತಿದ್ದನಂತೆ, ಜನ ಬಿದ್ದು ಬಿದ್ದು ನಗುತ್ತಿದ್ದರಂತೆ. ಗುರುಗಳು ಅರ್ಥ ಕೇಳಲಿಲ್ಲ. ಮಾಸ್ಟರೂ ಕೇಳಲಿಲ್ಲ. ಅರ್ಥ ಕಟ್ಟಿಕೊಂಡು ಯಾರಿಗೇನಾಗಬೇಕು? ಬಟ್ಟೆಯ ಮೇಲೆ ಅವು ಚೆನ್ನಾಗಿ ಕೆಲಸ ಮಾಡಿದವು.

"ಟಟ್ ಟಟ್" ಎಂದರೆ ಸಣ್ಣ ಕಸರು. ಒಂದು ದಾರ ಎಳೆದರೆ ಸರಿಹೋಗುತ್ತದೆ. "ಪ್ಶಾ" ಎಂದರೆ ಹೊಲಿಗೆ ಬಿಚ್ಚು, ಮತ್ತೆ ಹಾಕು. "ಬಾಲ್ಡರ್‌ಡ್ಯಾಶ್" ಎಂದರೆ ಮುಗಿಯಿತು, ಇಡೀ ಕೋಟನ್ನು ಬಿಚ್ಚಿ ತುಂಡು ತುಂಡು ಮಾಡಿ ಮೇಜಿನ ಮೇಲಿಟ್ಟು ಮೊದಲಿಂದ ಶುರು. ಆ ಮಾತು ಬಿದ್ದ ದಿನ ಅಂಗಡಿಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. "ಫಿಡಲ್‌ಸ್ಟಿಕ್ಸ್" ಮಾತ್ರ ಗಿರಾಕಿಗಳ ಪಾಲಿನದು. ಸೊಂಟ ಮೂವತ್ತಾರು ಎಂದು ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತಾಗ, ಮಾಸ್ಟರ್ ಟೇಪು ನೋಡಿ, ಮುಖ ನೋಡಿ, ನಿಧಾನವಾಗಿ "ಫಿಡಲ್‌ಸ್ಟಿಕ್ಸ್" ಎನ್ನುವರು. ಕಾಜಕ್ಕ ನಲವತ್ತು ಎಂದು ಬರೆದುಕೊಳ್ಳುವಳು.

ಅದನ್ನು ಹೊಗಳಿಕೆ ಎಂದುಕೊಂಡು ಹೋದ ಪುಣ್ಯಾತ್ಮರೂ ಇದ್ದರು. ಒಬ್ಬ ಬ್ಯಾಂಕ್ ಮ್ಯಾನೇಜರು ತನ್ನ ಕೋಟಿಗೆ ಎಲ್ಲರೂ ಭೇಷ್ ಎಂದದ್ದೇ ತಡ, "ಅದು ಫಿಡಲ್‌ಸ್ಟಿಕ್ಸ್ ಕಟಿಂಗು ಕಣ್ರೀ" ಎಂದು ಊರಿಗೆಲ್ಲ ಸಾರಿಬಿಟ್ಟ. ಮರುವಾರ ಅವನ ಷಡ್ಡಕ ಬಂದು ಎದೆಯುಬ್ಬಿಸಿ ನಿಂತ. "ನಂಗೂ ಅದೇ ಹಾಕಿ ಹೊಲೀರಿ. ಖರ್ಚು ಜಾಸ್ತಿ ಆದ್ರೂ ಪರ್ವಾಗಿಲ್ಲ." ಮಾಸ್ಟರ್ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. "ಆಗಲಿ, ನಿಮಗೆ ಅದೇ ಸರಿ" ಎಂದರು. ಕಾಜಕ್ಕ ಹಿಂದಿನ ಕೋಣೆಗೆ ಓಡಿ, ಬಾಯಿಗೆ ಅಸ್ತರಿನ ಬಟ್ಟೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು. ಅಲ್ಲಿ ಕೋಟುಗಳಿಗೆ ಇಸ್ತ್ರಿ ಹಾಕುವ ಇಸ್ತ್ರಿಯಣ್ಣ ಆಗಲೇ ಗೋಡೆಗೆ ಹಣೆ ಕೊಟ್ಟು ನಗುತ್ತಿದ್ದ. ಎಂಥ ದಿನಗಳವು! ಆರು ಜನ ಕೂತು ಹೊಲಿಯುತ್ತಿದ್ದ ಕಾಲ, ಕಿಟಕಿಯ ಬೆಳಕಿಗಾಗಿ ಜಗಳ ಆಡುತ್ತಿದ್ದ ಕಾಲ. ಆಮೇಲೆ ಹೊಲಿದಿಟ್ಟ ಕೋಟುಗಳು ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ನೇತಾಡತೊಡಗಿದವು, ಆರು ಜನ ಮೂವರಾದರು.

ಐದನೆಯದು "ಹಂಬಗ್". ಇದನ್ನು ಮಾಸ್ಟರ್ ಆಡಿದ್ದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಉಣ್ಣೆ ಎಂದು ಹೇಳಿ ನೈಲಾನ್ ಬೆರೆಸಿದ್ದನ್ನು ತಂದ ವ್ಯಾಪಾರಿಯ ಥಾನಿನ ಮೇಲೆ. ಹೆಸರಾಂತ ಗಿರಣಿಯ ಮೊಹರನ್ನು ಸುಳ್ಳೇ ಒತ್ತಿದ ಅಂಚಿನ ಮೇಲೆ. ತಪ್ಪು ಮಾಡಿದ್ದಕ್ಕೆ ಈ ಮಾತು ಬರುತ್ತಿರಲಿಲ್ಲ. ವೇಷ ಹಾಕಿದ್ದಕ್ಕೆ ಬರುತ್ತಿತ್ತು. ಹೊಲಿಯುವವರಲ್ಲಿ ಯಾರ ಮೇಲೂ ಅದು ಬಿದ್ದದ್ದಿಲ್ಲ.

ಅಲ್ಲ, ನಮ್ಮಲ್ಲಿ ಛೀ ಇಲ್ಲವೇ, ಥೂ ಇಲ್ಲವೇ, ತಿರಸ್ಕಾರಕ್ಕೆ ನಮ್ಮ ಭಾಷೆಗೇನು ಬರವೇ ಎಂದು ನೀವು ಕೇಳಬಹುದು. ಕಾಜಕ್ಕನೂ ಒಂದು ದಿನ ಕೇಳಿದ್ದಳು. ಮಾಸ್ಟರ್ ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದರು: "ಥೂ ಅಂದ್ರೆ ಮನುಷ್ಯನಿಗೆ ತಗಲುತ್ತೆ ಕಣಮ್ಮ. ಮನೆಗೆ ಹೋಗಿ ಅನ್ನ ಕಲಸ್ತಾ ನೆನಪಾಗುತ್ತೆ. ಇದಾದ್ರೆ ಬಟ್ಟೆ ಮೇಲೆ ಬಿದ್ದು ಅಲ್ಲೇ ಸತ್ಹೋಗುತ್ತೆ." ಆವತ್ತಿನಿಂದ ಅವಳಿಗೆ ಆ ಮನುಷ್ಯನ ಮೇಲೆ ಇದ್ದ ಭಯ ಹೋಗಿ, ಭಯಕ್ಕಿಂತ ದೊಡ್ಡದೇನೋ ಬಂತು.

ಹೊಗಳಿಕೆಗೆ ಒಂದು ಮಾತೂ ಇರಲಿಲ್ಲ. ಮಾಸ್ಟರ್ ಕೋಟಿನ ಮೇಲೆ ಕೈಯಾಡಿಸಿ ಏನೂ ಅನ್ನದೆ ಪಕ್ಕಕ್ಕಿಟ್ಟರೆ ಅದೇ ಮೆಡಲು. ಮೊದಲ ಸಲ ಅವರು ಸುಮ್ಮನಿದ್ದ ದಿನ ಕಾಜಕ್ಕ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಮನೆಗೆ ಹೋಗಿದ್ದಳು.

ನಾಲ್ಕು ತಿಂಗಳ ಹಿಂದೆ ಮಾಸ್ಟರಿಗೆ ಲಕ್ವ ಹೊಡೆಯಿತು. ಕತ್ತರಿಸುವ ಮೇಜಿನ ಮುಂದೆಯೇ, ಕೈಯಲ್ಲಿ ಸೀಮೆಸುಣ್ಣ ಹಿಡಿದು, ನೇರವಾಗಿ ಎಳೆಯುತ್ತಿದ್ದ ಗೆರೆ ಒಮ್ಮೆಗೇ ಸೊಟ್ಟಗಾಯಿತು. ಇಸ್ತ್ರಿಯಣ್ಣ ಹಿಡಿಯದಿದ್ದರೆ ತಲೆ ಒಡೆಯುತ್ತಿತ್ತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಮೂರು ವಾರ ಮನುಷ್ಯ ಮೂಕ. ಆಮೇಲೆ ಒಂದು ಬೆಳಗ್ಗೆ, ನರ್ಸಮ್ಮ ಗಂಜಿಯ ಚಮಚ ಬಾಯಿಗೆ ಹಿಡಿದಾಗ, ಸ್ಪಷ್ಟವಾಗಿ "ಪ್ಶಾ" ಎಂದರು.

ಕಾಜಕ್ಕ ಸಂತೋಷದಿಂದ ಅತ್ತೇಬಿಟ್ಟಳು. ಡಾಕ್ಟರು ಅಳಲಿಲ್ಲ. ಅವರು ಮಗಳಿಗೆ ಹೇಳಿದರು: "ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆಯಮ್ಮ. ಬಹಳ ವರ್ಷ ಆಡಿ ಆಡಿ ಅಭ್ಯಾಸ ಆಗಿರೋ ಉದ್ಗಾರಗಳು ಒಮ್ಮೊಮ್ಮೆ ಹೀಗೆ ಉಳಿದುಬಿಡ್ತವೆ. ಬಿಕ್ಕಳಿಕೆ ಬಂದ ಹಾಗೆ ತಾವಾಗೇ ಬರ್ತವೆ, ಅರ್ಥ ಹುಡುಕೋಕೆ ಹೋಗಬೇಡಿ. ಒಳಗೆ ಅರಿವು ಎಷ್ಟಿದೆಯೋ ಈಗಲೇ ಹೇಳೋಕಾಗಲ್ಲ." ಮಗಳು ಈ ಮಾತಿನ ಮೊದಲರ್ಧವನ್ನು ಮಾತ್ರ ಮನೆಗೆ ತಂದಳು.

ಅವಳನ್ನು ದೂರಿಯೂ ಪ್ರಯೋಜನವಿಲ್ಲ. ಒಬ್ಬಳೇ ಮಗಳು, ತಾಯಿ ಹೋಗಿ ಹತ್ತು ವರ್ಷ. ರೈಲಿನಲ್ಲಿ ಒಂದು ಹಗಲಿನ ದೂರದ ಊರಲ್ಲಿ ಗಂಡ, ಮಕ್ಕಳು, ನೌಕರಿ. ಎಲ್ಲಾ ಬಿಟ್ಟು ಬಂದು ನಾಲ್ಕು ತಿಂಗಳು ಅಪ್ಪನ ಮಲಮೂತ್ರ ಬಳಿದಿದ್ದಳು. ಎತ್ತಿ ಕೂರಿಸಿ ಕೂರಿಸಿ ಸೊಂಟ ಹಿಡಿದುಕೊಂಡಿತ್ತು. ರಜೆಯೆಲ್ಲ ಮುಗಿದಿತ್ತು. ಇಷ್ಟು ಮಾಡಿದ್ದಕ್ಕೆ ಅಪ್ಪನ ಬಾಯಿಂದ ದಿನವಿಡೀ ಪ್ಶಾ, ಟಟ್ ಟಟ್, ಬಾಲ್ಡರ್‌ಡ್ಯಾಶ್. ನೋಡಲು ಬಂದ ನೆಂಟರ ಮುಂದೆಯೂ ಅದೇ. ಹೆತ್ತ ಮಗಳಾದರೂ ಎಷ್ಟೆಂದು ಹೊಟ್ಟೆಗೆ ಹಾಕಿಕೊಂಡಾಳು?

ಗುರುವಾರ ಬೆಳಗ್ಗೆ ಕಾಜಕ್ಕ ಮೆಟ್ಟಿಲು ಹತ್ತಿ ಹೋದಾಗ ಮಗಳು ಕಿಟಕಿಯ ಹತ್ತಿರ ಫೋನಿನಲ್ಲಿದ್ದಳು. ಎರಡು ಮಾರು ದೂರದಲ್ಲಿ, ಕುರ್ಚಿಯಲ್ಲಿ, ದಿಂಬಿಗೆ ಒರಗಿ ಮಾಸ್ಟರ್ ಕೂತಿದ್ದರು.

"ಇಲ್ಲ ಕಣ್ರೀ, ಬಿಟ್ಟು ಬರೋಕೆ ನನಗೇನೂ ಸಂಕಟ ಇಲ್ಲ" ಎನ್ನುತ್ತಿದ್ದಳು ಗಂಡನಿಗೆ. "ಅಪ್ಪ ಅನ್ನೋರು ಹೋಗಿ ನಾಲ್ಕು ತಿಂಗಳಾಯ್ತು. ಈಗ ಇರೋದು ಬರೀ ಉಸಿರು. ಅದನ್ನ ಯಾರು ನೋಡ್ಕೊಂಡ್ರೇನು?"

ಕಾಜಕ್ಕನಿಗೆ ಯಾರೋ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಎದೆಗೆ ಒತ್ತಿದ ಹಾಗಾಯಿತು. ಫೋನು ಕೆಳಗಿಡುವುದನ್ನೇ ಕಾದಿದ್ದು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಪುಟ್ಟೀ, ಅವರ ಮುಂದೆ ಹೀಗೆಲ್ಲ ಮಾತಾಡಬೇಡವೇ. ಅವರಿಗೆ ಗೊತ್ತಾಗುತ್ತೆ." ನಲವತ್ತಾರು ವರ್ಷದ, ಕೈಕೆಳಗೆ ಮೂವತ್ತು ಜನ ಕೆಲಸ ಮಾಡುವ ಅಧಿಕಾರಿಣಿ ಕಾಜಕ್ಕನಿಗೆ ಇನ್ನೂ ಪುಟ್ಟಿಯೇ.

"ಏನು ಗೊತ್ತಾಗುತ್ತೆ ಕಾಜಕ್ಕ? ನಿನ್ನೆ ನೀರಿನ ಲೋಟ ನೋಡಿ ಬಾಲ್ಡರ್‌ಡ್ಯಾಶ್ ಅಂದ್ರು. ಗೋಡೆ ನೋಡಿ ಪ್ಶಾ ಅಂತಾರೆ. ನಿಮಗೆ ಅವರನ್ನ ಕಳ್ಕೊಳ್ಳೋಕೆ ಮನಸ್ಸಿಲ್ಲ, ಅದಕ್ಕೇ ಹಾಗನ್ಸುತ್ತೆ."

"ಕೆಲವು ಸಲ ಬಿಕ್ಕಳಿಕೆ ಥರಾನೇ ಬರುತ್ತೆ, ಇಲ್ಲಾ ಅನ್ನಲ್ಲ. ಎಲ್ಲಾ ಸಲ ಅಲ್ಲ. ಬಟ್ಟೆ ಮುಂದೆ ಇಟ್ಟು ನೋಡು. ಶನಿವಾರ ನಾನು ಹೊಲಿದಿರೋ ಕೋಟು ತರ್ತೀನಿ. ತಪ್ಪಿದ್ರೆ ಹಿಡೀತಾರೆ. ತೋಳಿನಲ್ಲಿ ತಪ್ಪಿದ್ರೆ ಪ್ಶಾ ಅನ್ಬೇಕು, ಬೇರೆ ಅನ್ನೋ ಹಾಗಿಲ್ಲ."

"ಹಿಡೀದೇ ಇದ್ರೆ?"

"ಹಿಡೀದೇ ಇದ್ರೆ ಭಾನುವಾರ ನಾನೇ ಗಾಡಿಗೆ ಹತ್ತಿಸ್ತೀನಿ. ಹಿಡಿದ್ರೆ ನೀನು ಅವರನ್ನ ಆ ಮನೆಗೆ ಹಾಕಬಾರದು. ಹಗಲು ನಾನು ನೋಡ್ಕೋತೀನಿ, ಕೆಳಗೆ ಮೇಜಿನ ಪಕ್ಕ ಕೂರಿಸ್ಕೊಂಡು. ರಾತ್ರಿಗೆ ನರ್ಸಮ್ಮನ್ನ ಗೊತ್ತು ಮಾಡೋಣ."

ಮಗಳು ಸೋತ ದನಿಯಲ್ಲಿ "ಆಗ್ಲಿ" ಎಂದಳು.

ಕೆಳಗೆ ಬಂದು ಹೇಳಿದಾಗ ಇಸ್ತ್ರಿಯಣ್ಣ ತಲೆ ಚಚ್ಚಿಕೊಂಡ. "ಬೇಲೀಲಿ ಹೋಗೋ ಓತಿಕ್ಯಾತನ್ನ ತೆಗೆದು ಮೈಮೇಲೆ ಬಿಟ್ಕೊಂಡ್ಯಲ್ಲ ಮಾರಾಯ್ತಿ. ನಿನ್ನ ತೋಳಲ್ಲಿ ತಪ್ಪು ಎಲ್ಲಿರುತ್ತೆ? ಹತ್ತು ವರ್ಷದಿಂದ ಅವರು ನಿನ್ನ ತೋಳಿಗೆ ಒಂದು ಟಟ್ ಅಂದಿಲ್ಲ. ಸುಮ್ನೆ ಇರ್ತಾರೆ. ಸುಮ್ನಿದ್ರೆ ಆಯಮ್ಮ ಏನಂದ್ಕೋತಾಳೆ?"

ಅದೇ ನಿಜವಾದ ಇಕ್ಕಟ್ಟು. ಮೊದಲೆಲ್ಲ ಮಾಸ್ಟರ್ ಮೌನವೆಂದರೆ ಮೆಡಲು. ಈಗ ಮೌನವೆಂದರೆ ರೋಗ. ಕೋಟು ಚೆನ್ನಾಗಿದ್ದಷ್ಟೂ ಅವರಿಗೆ ಕೇಡು. ಕಾಜಕ್ಕ ಶುಕ್ರವಾರ ಮಧ್ಯಾಹ್ನದ ತನಕ ಯೋಚಿಸಿದಳು. ಆಮೇಲೆ, ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಮಾಡದ ಕೆಲಸಕ್ಕೆ ಕೈ ಹಾಕಿದಳು.

ಪ್ರಿನ್ಸಿಪಾಲರೊಬ್ಬರ ಕಡುನೀಲಿ ಕೋಟು ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು. ಮೈ, ಕಾಲರು, ಬಲತೋಳು ಆಗಿತ್ತು, ಎಡತೋಳು ಬಾಕಿ. ತೋಳನ್ನು ಭುಜಕ್ಕೆ ಕೂಡಿಸುವುದಕ್ಕೆ ಮುಂಚೆ ಎರಡು ಕಡೆಯೂ ಬಿಳಿ ದಾರದಲ್ಲಿ ಒಂದೊಂದು ಗುರುತು ಹಾಕಬೇಕು. ಗುರುತಿಗೆ ಗುರುತು ಸೇರಿದರೆ ತೋಳು ನೆಟ್ಟಗೆ ಇಳಿಬೀಳುತ್ತದೆ. ಕಾಜಕ್ಕನ ಕೈ ಅಭ್ಯಾಸದಂತೆ ಗುರುತು ಹಾಕಿತು, ಸರಿಯಾದ ಜಾಗದಲ್ಲೇ. ಹಾಕಿದ ಮೇಲೆ "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದುಕೊಂಡು ತೋಳಿನ ಮೇಲಿನ ದಾರ ಕಿತ್ತಳು. ಬೆರಳಗಲ ಮುಂದಕ್ಕೆ ಸರಿಸಿ ಬೇರೆ ಗುರುತು ಹಾಕಿದಳು. ತೋಳನ್ನು ಅದಕ್ಕೆ ಕೂಡಿಸಿದಳು. ತೊಟ್ಟರೆ ಎಡಗೈ ಬೆನ್ನ ಹಿಂದೆ ಏನೋ ಹುಡುಕುವವನ ಕೈಯ ಹಾಗೆ ನಿಲ್ಲಬೇಕು, ಅಂಥ ತಪ್ಪು. ಕುರುಡರಿಗೂ ತಿಳಿಯುವಂಥದ್ದು. ಪ್ರತಿ ಹೊಲಿಗೆಗೂ ಅವಳ ಕೈ ಬೇಡ ಬೇಡ ಎನ್ನುತ್ತಿತ್ತು. ಮಗ್ಗುಲಲ್ಲಿ ನಿಂತು ನೋಡಿದ ಇಸ್ತ್ರಿಯಣ್ಣ, "ಕೆಡಿಸೋದ್ರಲ್ಲೂ ಎಷ್ಟು ನೀಟು ಅಂತೀನಿ ನಿನ್ನ ಕೈ" ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಶನಿವಾರ ಮಧ್ಯಾಹ್ನ ಮಾಸ್ಟರಿಗೆ ಊಟವಾದ ಮೇಲೆ ಮಗಳು ಬಾಯಿ ಒರೆಸಿ, ಕುರ್ಚಿಯಲ್ಲಿ ಕೂರಿಸಿದ್ದಳು. ಕಾಜಕ್ಕ ಅವರ ತೊಡೆಯ ಮೇಲೆ ಒಂದು ಹಲಗೆ ಇಟ್ಟು, ಹಲಗೆಯ ಮೇಲೆ ಕೋಟು ಹರಡಿದಳು. ಮಗಳು ಕೈಕಟ್ಟಿ ಕಿಟಕಿಗೆ ಒರಗಿ ನಿಂತಳು.

"ಮಾಸ್ಟ್ರೇ, ಪ್ರಿನ್ಸಿಪಾಲರ ಕೋಟು. ಒಂದ್ಸಲ ನೋಡಿಬಿಡಿ."

ಮಾಸ್ಟರ್ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿ "ಬಾಲ್ಡರ್‌ಡ್ಯಾಶ್" ಎಂದರು.

ಮಗಳು ನಿಟ್ಟುಸಿರು ಬಿಟ್ಟಳು. ಅದರಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಕಾಜಕ್ಕ ಅವರ ಎಡಗೈಯನ್ನು ತೆಗೆದು ಕೋಟಿನ ಮೇಲಿಟ್ಟಳು. ಕೈ ಸ್ವಲ್ಪ ಹೊತ್ತು ಹಾಗೇ ಬಿದ್ದಿತ್ತು. ನಂತರ ಬೆರಳುಗಳು ಕದಲಿದವು. ಕಾಲರಿನ ಮೇಲೆ ಹೋದವು. ಎದೆಯ ಮಡಿಕೆಯನ್ನು ಎತ್ತಿ ಬಿಟ್ಟವು, ಅದು ತಾನಾಗಿ ಮೊದಲಿನ ಹಾಗೆ ಮಲಗುತ್ತದೋ ಇಲ್ಲವೋ ನೋಡಿದವು. ಬಲತೋಳನ್ನು ಉದ್ದಕ್ಕೂ ಸವರಿದವು. ಮಾತಿಲ್ಲ. ಇದು ಹಳೆಯ ಮೌನವೋ ಹೊಸ ಮೌನವೋ ಹೇಳಬಲ್ಲವರು ಯಾರು? ಕೈ ಎಡತೋಳಿಗೆ ಬಂತು. ಕೈ ತೋಳಿನ ಮೇಲಿಂದ ಹಾದು, ಕೆಳಗಿಳಿದು, ಹಲಗೆಯ ಅಂಚಿಗೆ ಹೋಗಿ ನಿಂತಿತು.

ಮಾಸ್ಟರ್ ಕಣ್ಣು ಮುಚ್ಚಿಕೊಂಡರು.

ಕಾಜಕ್ಕ ಎಡತೋಳನ್ನೇ ನೋಡಿದಳು. ಬೆರಳಗಲ ತಪ್ಪು! ಎದ್ದು ಕಾಣುವ ತಪ್ಪು! ಹಾಗಾದರೆ ಹುಡುಗಿ ಹೇಳಿದ್ದೇ ನಿಜ, ತಾನು ನಾಲ್ಕು ತಿಂಗಳಿಂದ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದು. ಇನ್ನು ಕೋಟು ಮಡಚಬೇಕು, ನಾಳೆ ಗಾಡಿಗೆ ಹತ್ತಿಸಬೇಕು.

"ಬಿಡಿ ಕಾಜಕ್ಕ" ಎಂದಳು ಮಗಳು, ಮೃದುವಾಗಿಯೇ. "ನೀವು ಮಾಡೋದನ್ನೆಲ್ಲ ಮಾಡಿದ್ರಿ."

ಕಾಜಕ್ಕ ಕೋಟಿಗೆ ಕೈ ಹಾಕಿ ಎಳೆದಳು. ಅದು ಬರಲಿಲ್ಲ. ಮಾಸ್ಟರ್ ಎಡಗೈ ಅದನ್ನು ಗಟ್ಟಿಯಾಗಿ ಹಿಡಿದಿತ್ತು. ಕಣ್ಣು ತೆರೆದಿತ್ತು. ಒಂದೇ ಕೈಯಲ್ಲಿ, ಬಹಳ ಕಷ್ಟಪಟ್ಟು, ಎರಡು ಸಲ ಜಾರಿ, ಅವರು ಎಡತೋಳನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿದರು. ತೋಳು ಭುಜಕ್ಕೆ ಸೇರುವ ಜಾಗವನ್ನು ಹೆಬ್ಬೆರಳಿಂದ ಒಂದೊಂದೇ ಹೊಲಿಗೆ ದಾಟಿ ಸವರಿದರು. ಒಂದು ಕಡೆ ಹೆಬ್ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು, ಅಲ್ಲೇ ನಿಂತಿತು. ಮಾಸ್ಟರ್ ತಲೆಯೆತ್ತಿ ಕೋಟನ್ನು ಬಿಟ್ಟು ಕಾಜಕ್ಕನ ಮುಖವನ್ನೇ ನೋಡಿದರು.

"ಹಂಬಗ್" ಎಂದರು.

"ನೋಡಿದ್ರಾ?" ಎಂದಳು ಮಗಳು. "ತೋಳು ತಪ್ಪಿದ್ರೆ ಪ್ಶಾ ಅನ್ಬೇಕು, ಬೇರೆ ಅನ್ನೋ ಹಾಗಿಲ್ಲ ಅಂತ ನೀವೇ ಹೇಳಿದ್ದು. ಯಾವ ಮಾತು ಬಾಯಿಗೆ ಬರುತ್ತೋ ಅದನ್ನ..." ಎನ್ನುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು. ಏಕೆಂದರೆ ಕಾಜಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಅಳುವಿನ ನಡುವೆ ನಗುತ್ತಿದ್ದಳು.

"ಸಿಕ್ಕಿಬಿದ್ದೆ ಕಣೇ ಪುಟ್ಟೀ, ಸಿಕ್ಕಿಬಿದ್ದೆ!"

"ಏನಾಯ್ತು ಕಾಜಕ್ಕ?"

"ಅದು ನಿಜವಾದ ತಪ್ಪಲ್ಲ. ನಾನೇ ಬೇಕೂ ಅಂತ ಮಾಡಿದ್ದು. ನಿನಗೆ ಹೇಳ್ಲಿಲ್ಲ. ಮೋಸ ಮಾಡ್ದೆ. ಇಲ್ಲಿ ಬಾ, ಕೈ ಕೊಡು." ಮಗಳ ಬೆರಳನ್ನು ಹಿಡಿದು ಮಾಸ್ಟರ್ ಹೆಬ್ಬೆರಳು ಇದ್ದ ಜಾಗಕ್ಕೆ ಮುಟ್ಟಿಸಿದಳು. "ಸಣ್ಣ ತೂತು ಸಿಗುತ್ತಾ? ಮೂರು. ಸೂಜಿಯ ತೂತು. ಮೊದಲು ಗುರುತು ಸರಿಯಾದ ಜಾಗಕ್ಕೇ ಹಾಕಿದ್ದೆ, ಕೈ ಕೇಳ್ಬೇಕಲ್ಲ. ಆಮೇಲೆ ದಾರ ಕಿತ್ತು ಮುಂದಕ್ಕೆ ಹಾಕ್ದೆ. ದಾರ ಹೋಯ್ತು, ತೂತು ಉಳೀತು. ಕೆಲಸ ಗೊತ್ತಿಲ್ಲದೆ ತಪ್ಪು ಮಾಡೋರು ಮೊದಲು ಸರಿಯಾದ ಗುರುತು ಹಾಕ್ತಾರೇನೇ? ಅವರು ಅದನ್ನೇ ಹಿಡಿದ್ರು. ತಪ್ಪಿಗೆ ಪ್ಶಾ. ಸುಳ್ಳಿಗೆ ಹಂಬಗ್. ಇಪ್ಪತ್ತೆಂಟು ವರ್ಷದಲ್ಲಿ ಮನುಷ್ಯರ ಮೇಲೆ ಆ ಮಾತು ಆಡಿದ್ದು ಇದೇ ಮೊದಲು, ಅದೂ ನನ್ನ ಮೇಲೆ."

ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. ಹಾಗೆಯೇ, ಮಾಸ್ಟರ್ ಕೈಗೆ ಸಿಕ್ಕಿಬೀಳುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಈ ತನಕ ಗೊತ್ತಿರಲಿಲ್ಲ. ಮುದುಕ ಇದ್ದಾನೆ! ಒಳಗೆ ಇಡಿಯಾಗಿ, ಮೊದಲಿನ ಸಿಡುಕಿನ ಸಮೇತ, ಕೂತಿದ್ದಾನೆ! ಓಡಿಹೋಗಿ ಇಸ್ತ್ರಿಯಣ್ಣನಿಗೆ ಹೇಳಬೇಕು ಎಂದು ಎದ್ದಳು.

ಮಗಳು ಅಲುಗಾಡಲಿಲ್ಲ. ಮೂರು ತೂತುಗಳ ಮೇಲೆ ಬೆರಳಿಟ್ಟುಕೊಂಡು ಹಾಗೆಯೇ ಬಗ್ಗಿ ನಿಂತಿದ್ದಳು. ಅವಳ ಮುಖದ ಬಣ್ಣ ನಿಧಾನವಾಗಿ ಇಳಿಯುತ್ತಿತ್ತು.

"ಹಾಗಾದ್ರೆ ಅವರಿಗೆ ಗೊತ್ತಾಗುತ್ತೆ" ಎಂದಳು.

"ಮತ್ತೆ ನಾನು ಹೇಳಿದ್ದೇನು?"

"ಹಾಗಾದ್ರೆ ಎಲ್ಲಾ ಕೇಳಿಸ್ಕೊಂಡಿದಾರೆ."

ಆಗ ಕಾಜಕ್ಕನಿಗೂ ತಟ್ಟಿತು. ಗೆದ್ದ ಸಂಭ್ರಮದಲ್ಲಿ ಈ ಮಗ್ಗುಲು ಅವಳಿಗೆ ಹೊಳೆದೇ ಇರಲಿಲ್ಲ. ಬರೀ ಉಸಿರು ಎಂದದ್ದು. ಬಿಟ್ಟು ಬರೋಕೆ ಸಂಕಟ ಇಲ್ಲ ಎಂದದ್ದು. ಕುರ್ಚಿಯನ್ನು ಯಾರಿಗೆ ಕೊಡುವುದು, ಬಟ್ಟೆಗಳನ್ನು ಯಾರಿಗೆ ಹಂಚುವುದು ಎಂದು ಅವರ ತಲೆಯ ಮೇಲೆಯೇ ಮಾತಾಡಿದ್ದು. ನಾಲ್ಕು ತಿಂಗಳು ಆ ಮನುಷ್ಯ ಎದುರಿಗೆ ಕೂತು ಒಂದೊಂದನ್ನೂ ಕೇಳಿದ್ದಾನೆ. ಮಗಳ ಸುಸ್ತು ಕೇಳಿದ್ದಾನೆ, ಸಿಟ್ಟು ಕೇಳಿದ್ದಾನೆ. ಎದ್ದು ಹೋಗುವಂತಿಲ್ಲ, ಬಾಯಿ ತೆರೆದು ಒಂದು ಸಮಾಧಾನ ಹೇಳುವಂತಿಲ್ಲ. ತಾನು ಈ ಕೋಟು ತರದೇ ಇದ್ದಿದ್ದರೆ ಹುಡುಗಿಗೆ ಇದು ಯಾವತ್ತೂ ತಿಳಿಯುತ್ತಿರಲಿಲ್ಲವಲ್ಲ, ನೆಮ್ಮದಿಯಾಗಿ ಇರುತ್ತಿದ್ದಳಲ್ಲ ಎಂದು ಕಾಜಕ್ಕನಿಗೆ ಒಂದು ಕ್ಷಣ ಅನ್ನಿಸಿತು.

ಮಗಳು ಹಲಗೆ, ಕೋಟು ಎರಡನ್ನೂ ಎತ್ತಿ ಕೆಳಗಿಟ್ಟು ಅಪ್ಪನ ಮುಂದೆ ಮೊಣಕಾಲೂರಿ ಕೂತಳು. ಹುಟ್ಟಿದಾಗಿನಿಂದ ಅಲ್ಲದಿದ್ದರೂ, ಕಾಲೇಜು ಮೆಟ್ಟಿಲು ಹತ್ತಿದಾಗಿನಿಂದ ಅವಳು ಅಪ್ಪನನ್ನು ನೀವು ಎಂದೇ ಕರೆಯುತ್ತಿದ್ದಳು. ಈಗ ಅದೆಲ್ಲ ಮರೆತುಹೋಯಿತು.

"ಅಪ್ಪಾ, ನಿಂಗೆ ಎಲ್ಲಾ ಕೇಳಿಸ್ತಿತ್ತಾ? ಫೋನಲ್ಲಿ ಅಂದಿದ್ದು ಕೇಳಿಸ್ತಾ? ನಾನು ಹಾಗಂದ್ಕೊಂಡು ಅನ್ಲಿಲ್ಲಪ್ಪಾ. ನೀನು ಇಲ್ಲಾಂದ್ಕೊಂಡು ಅಂದೆ. ಇದ್ದೀಯಾ ಅಂತ ಗೊತ್ತಿದ್ರೆ ಅಂತಿದ್ನಾ?" ಅಪ್ಪನ ಮೊಣಕಾಲಿಗೆ ಮುಖವೊತ್ತಿ ಅವಳು ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಮಾಸ್ಟರ್ ಎಡಗೈ ಎತ್ತಿದರು. ಅದು ಅವಳ ತಲೆಯ ಮೇಲೆ ಸ್ವಲ್ಪ ಒರಟಾಗಿಯೇ ಬಿತ್ತು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು. ತುಟಿ ಮುಂದೆ ಚಾಚಿತು.

"ಪೂಹ್" ಎಂದರು.

ಕಾಜಕ್ಕ ಗಾಬರಿಯಾದಳು. ಇದು ಐದರಲ್ಲಿ ಒಂದಲ್ಲ. ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳ ಕಿವಿಗೆ ಬಿದ್ದದ್ದಲ್ಲ. ಟಟ್ ಟಟ್ಟಿಗಿಂತ ಮೇಲೋ ಕೆಳಗೋ, ಬಿಚ್ಚಬೇಕೋ ಕೂಡಿಸಬೇಕೋ ಒಂದೂ ತಿಳಿಯದೆ, "ಇದೇನೋ ಹೊಸದು ಕಣೇ. ಇದರ ಅರ್ಥ ನಂಗೊತ್ತಿಲ್ಲ, ಪುಟ್ಟೀ" ಎಂದಳು.

ಮಗಳು ತಲೆಯೆತ್ತಿದಳು. ಮುಖವೆಲ್ಲ ಒದ್ದೆಯಾಗಿತ್ತು.

"ನಂಗೊತ್ತು" ಎಂದಳು. "ಏಳು ವರ್ಷ ಇದ್ದಾಗ ಯಾರೋ ಗಿರಾಕಿ ಕೊಟ್ಟಿದ್ದ ಬಟ್ಟೆ ಕತ್ತರಿಸಿ ಬೊಂಬೆಗೆ ಲಂಗ ಮಾಡಿಬಿಟ್ಟಿದ್ದೆ. ಅದೂ ಕೋಟಿನ ಬಟ್ಟೆ, ನಟ್ಟನಡುವೆ. ಅಮ್ಮ ಹೊಡೀತಾಳೆ ಅಂತ ಮಂಚದ ಕೆಳಗೆ ಅಡಗಿದ್ದೆ. ಅಪ್ಪ ಬಗ್ಗಿ ನೋಡಿ ಇದನ್ನೇ ಅಂದಿದ್ದು. ಪರೀಕ್ಷೆ ಫೇಲಾದಾಗ ಒಂದ್ಸಲ ಅಂದಿದ್ರು. ಮನೇಲಿ ಯಾರನ್ನೂ ಕೇಳದೆ, ಇವರನ್ನೇ ಮದುವೆ ಆಗ್ತೀನಿ ಅಂತ ಬಂದು ನಿಂತಾಗ ಅಂದಿದ್ರು." ಅವಳು ಮೂಗು ಒರೆಸಿಕೊಂಡಳು. "ಏನೂ ಆಗಿಲ್ಲ ಏಳು, ಬಾ ಊಟಕ್ಕೆ, ಅಂತ."

ಮಾಸ್ಟರ್ ಕೈ ಅವಳ ತಲೆಯ ಮೇಲೇ ಇತ್ತು. ಮಗಳು ಅದನ್ನು ತೆಗೆಯದೆ, ತಡಕಾಡಿ ಫೋನು ಹುಡುಕಿ, ಆರೈಕೆ ಮನೆಯವರಿಗೆ ಗಾಡಿ ಕಳಿಸಬೇಡಿ ಎಂದು ಹೇಳಿದಳು. ಯಾಕೆ ಎಂದು ಆ ಕಡೆಯಿಂದ ಕೇಳಿರಬೇಕು. "ಅಪ್ಪ ಇದಾರೆ, ಅದಕ್ಕೆ" ಎಂದಳು.

ಕಾಜಕ್ಕ ಕೋಟು ಎತ್ತಿಕೊಂಡು ಸದ್ದಿಲ್ಲದೆ ಬಾಗಿಲ ಕಡೆ ನಡೆದಳು. ಅವಳು ಬಯಸಿದ್ದು ಪೂರ್ತಿ ಸಿಕ್ಕಿತ್ತು; ಮಾಸ್ಟರ್ ಇಲ್ಲಿಯೇ ಇರುತ್ತಾರೆ, ಸೋಮವಾರದಿಂದ ಮೇಜಿನ ಪಕ್ಕ ಕೂತು ಎಲ್ಲದಕ್ಕೂ ಪ್ಶಾ ಎನ್ನುತ್ತಾರೆ. ಆದರೂ ಮೆಟ್ಟಿಲಿಳಿಯುವಾಗ ಒಂದು ಬೇಸರ ಹಿಂದೆಯೇ ಇಳಿದು ಬಂತು. ಹೊಟ್ಟೆಕಿಚ್ಚು ಎಂದರೂ ಸರಿಯೇ, ಅವಳೇನೂ ಮುಚ್ಚಿಡುವವಳಲ್ಲ. ಆ ಬಾಯಿಂದ ಬರುವ ಮಾತೆಲ್ಲ ತನಗೆ ಬಾಯಿಪಾಠ ಎಂದುಕೊಂಡಿದ್ದಳು. ಒಂದನ್ನು ಅವರು ಹದಿನಾಲ್ಕು ಮೆಟ್ಟಿಲ ಮೇಲೆಯೇ ಇಟ್ಟುಕೊಂಡಿದ್ದರು, ಕೆಳಗೆ ತಂದಿರಲೇ ಇಲ್ಲ.

"ಏನಾಯ್ತೇ?" ಎಂದು ಇಸ್ತ್ರಿಯಣ್ಣ ಕೆಳಗಿನಿಂದ ಕೂಗಿದ. "ಏನಂದ್ರು ಮಾಸ್ಟ್ರು?"

"ನಂಗೆ ಬೈದ್ರು" ಎಂದಳು ಕಾಜಕ್ಕ, ಕಣ್ಣೊರೆಸಿಕೊಂಡು. "ಮಗಳಿಗೆ ಏನಂದ್ರೋ, ಅದು ಅವರವರ ಮಾತು ಬಿಡು."